ಗಾಡಿ ಬರುವ ಮುಂಚೆ

ಆವತಿಗೆ ಏಳು ಜನ ಅಣ್ಣತಮ್ಮಂದಿರು ಗಾಡಿ ಕಟ್ಟಿಕೊಂಡು ಬಂದ ಕತೆ ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆಯವರಿಗೆ ಹೊಸದಲ್ಲ. ಕಂಚಿ ಸೀಮೆಯ ಆಲೂರಿನಲ್ಲಿ ಒಂದು ಒಕ್ಕಲು ಮನೆತನ. ಆ ಮನೆಯ ಹುಡುಗಿ ದೊಡ್ಡಮ್ಮನ ಮೇಲೆ ಅಲ್ಲಿನ ಪಾಳೆಯಗಾರ ಕಣ್ಣು ಹಾಕಿದ. ಕೊಡಲೊಲ್ಲದ ಮನೆಯವರು ರಾತ್ರೋರಾತ್ರಿ ಊರು ಬಿಟ್ಟರು. ಮುಂದೆ ತುಂಬಿದ ಪಾಲಾರ್ ಹೊಳೆ, ಹಿಂದೆ ಅಟ್ಟಿಸಿಕೊಂಡು ಬರುವ ದಂಡು. ಹುಡುಗಿ ಕಿವಿಯ ಓಲೆ ಬಿಚ್ಚಿ ಹೊಳೆಗೆ ಹಾಕಿದಳಂತೆ, ಹೊಳೆ ದಾರಿ ಬಿಟ್ಟಿತಂತೆ. ನಂದಿಬೆಟ್ಟದ ಪೂರ್ವಕ್ಕಿರುವ ರಾಮಸ್ವಾಮಿ ಬೆಟ್ಟದ ಬುಡದಲ್ಲಿ ಗಾಡಿ ಬಿಟ್ಟು ಮಲಗಿದಾಗ ಹಿರಿಯನಾದ ಬೈರೇಗೌಡನಿಗೆ ಕನಸು ಬಿತ್ತು, ಇಲ್ಲೇ ನೆಲೆ ನಿಲ್ಲು ಅಂತ. ನಿಂತರು. ಅದೇ ಆವತಿ. 14ನೇ ಶತಮಾನ ಕಳೆದು 15ನೇ ಶತಮಾನ ಹುಟ್ಟುವ ಹೊತ್ತಿನ ಮಾತು ಇದು. ಆ ಮನೆತನದ ಮಲ್ಲಬೈರೇಗೌಡ 1501ರಲ್ಲಿ ದೇವನಹಳ್ಳಿಯಲ್ಲಿ ಮಣ್ಣಿನ ಕೋಟೆ ಕಟ್ಟಿದ. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳೂ ಅದೇ ಬೇರಿನ ಕೊಂಬೆಗಳು. ಯಲಹಂಕಕ್ಕೆ ಹೋದ ಇನ್ನೊಂದು ಕವಲಿನಲ್ಲಿ ಕೆಂಪೇಗೌಡ ಹುಟ್ಟಿ 1537ರಲ್ಲಿ ಬೆಂಗಳೂರು ಕಟ್ಟಿದ. ಹೊಸಕೋಟೆಯನ್ನು 1595ರ ಸುಮಾರಿಗೆ ಕಟ್ಟಿದವನು ಸುಗಟೂರಿನ ತಮ್ಮೇಗೌಡ.

ಈ ಕತೆಯ ಮೇಲೆ ನನಗೇನೂ ಸಿಟ್ಟಿಲ್ಲ. ದೊರೆಯ ದಬ್ಬಾಳಿಕೆಗೆ ಬಗ್ಗದೆ, ಹೆಣ್ಣುಮಗಳನ್ನು ಒಪ್ಪಿಸದೆ, ಇದ್ದ ಹೊಲಮನೆ ಬಿಟ್ಟು ಹೊರಟವರ ಕತೆ. ಬಂಡಾಯದ ಕತೆಯೇ ಸರಿ. ನನ್ನ ತಕರಾರಿರುವುದು ಕತೆ ಶುರುವಾಗುವ ಜಾಗದ ಬಗ್ಗೆ. ಗಾಡಿ ಬಂದು ನಿಂತ ಮೇಲೆ ಈ ಸೀಮೆಯ ಚರಿತ್ರೆ ಶುರುವಾಗುತ್ತದೆ. ಅದಕ್ಕೂ ಮುಂಚೆ ಕಾಡು, ಬೆಟ್ಟ, ಮೊಲ, ನರಿ. ನಾಡಪ್ರಭುಗಳ ಬಗ್ಗೆ ಅಚ್ಚಾಗುವ ಪುಸ್ತಕಗಳಲ್ಲಿ, ಸಂಘಗಳ ಸ್ಮರಣ ಸಂಚಿಕೆಗಳಲ್ಲಿ, ಮೂಲಪುರುಷನಿಂದ ಇವತ್ತಿನ ತನಕ ಎಳೆದ ಗೆರೆಗಳಲ್ಲಿ, ಎಲ್ಲೂ 'ನಾವು ಬಂದಾಗ ಇಲ್ಲಿ ಇಂಥವರಿದ್ದರು' ಎಂಬ ಒಂದು ಸಾಲು ಕಾಣುವುದು ಕಷ್ಟ.

ಇದು ನಮ್ಮ ಸೀಮೆಯೊಂದರ ಚಾಳಿಯಲ್ಲ. ಅಮೆರಿಕದಲ್ಲಿ ಮನೆತನದ ಬೇರು ಹುಡುಕುವುದು ಒಂದು ದೊಡ್ಡ ಹುಚ್ಚು. ಬೇರು 'ಮೇಫ್ಲವರ್' ಹಡಗಿನ ತನಕ ಹೋಯಿತೆಂದರೆ ಅವರಿಗೆ ಜನ್ಮ ಸಾರ್ಥಕ. 1620ರಲ್ಲಿ ಇಂಗ್ಲೆಂಡಿನಿಂದ 102 ಜನ ಆ ಹಡಗಿನಲ್ಲಿ ಹೋಗಿ ಪ್ಲಿಮತ್ ಎಂಬಲ್ಲಿ ಇಳಿದರು. ಮೊದಲ ಚಳಿಗಾಲದಲ್ಲೇ ಹೆಚ್ಚುಕಮ್ಮಿ ಅರ್ಧ ಜನ ಸತ್ತರು. ಉಳಿದವರ ವಂಶದವರು 1897ರಲ್ಲಿ ಒಂದು ಸಂಘವನ್ನೇ ಕಟ್ಟಿಕೊಂಡರು. ಹಡಗಿನಲ್ಲಿ ಬಂದ ಒಬ್ಬರಿಂದ ತನ್ನ ತನಕ ಒಂದೊಂದು ತಲೆಮಾರಿಗೂ ಹುಟ್ಟು, ಮದುವೆ, ಸಾವಿನ ಕಾಗದ ತೋರಿಸಿದವನಿಗಷ್ಟೇ ಅದರಲ್ಲಿ ಜಾಗ. ಅವರ ಕತೆಗೂ ಆವತಿಯ ಕತೆಗೂ ಇರುವ ಹೋಲಿಕೆ ನೋಡಿ: ಅಲ್ಲಿಯೂ ದೊರೆಯ ಕಾಟ, ಅಲ್ಲಿಯೂ ನೀರು ದಾಟಿದ್ದು, ಅಲ್ಲಿಯೂ ದೇವರ ಅಪ್ಪಣೆ, ಅಲ್ಲಿಯೂ 'ಖಾಲಿ' ನೆಲ. ಪ್ಲಿಮತ್ ಖಾಲಿಯಾಗಿರಲಿಲ್ಲ. ಅದು ವಾಂಪನೋಗ್ ಜನರ ಪಟುಕ್ಸೆಟ್ ಎಂಬ ಊರು. ಬಿಳಿಯರ ಹಡಗುಗಳ ಜೊತೆ ಬಂದ ರೋಗಕ್ಕೆ ಸಿಕ್ಕಿ ಮೂರ್ನಾಲ್ಕು ವರ್ಷದ ಹಿಂದಷ್ಟೇ ಆ ಊರು ಹಾಳಾಗಿತ್ತು. ಉತ್ತಿದ್ದ ಹೊಲಗಳು ಹಾಗೇ ಇದ್ದವು. ಬಂದವರು ಅದೇ ಹೊಲಗಳಲ್ಲಿ ಬಿತ್ತಿದರು.

ಮೇಫ್ಲವರ್‌ಗಿಂತ ಒಂದು ವರ್ಷ ಮುಂಚೆ, 1619ರಲ್ಲಿ, ವರ್ಜೀನಿಯಾದ ದಡಕ್ಕೆ ಇನ್ನೊಂದು ಹಡಗು ಬಂದಿತ್ತು. ಆಫ್ರಿಕದಿಂದ ಹಿಡಿದು ತಂದ ಇಪ್ಪತ್ತು ಚಿಲ್ಲರೆ ಜನ ಅದರಲ್ಲಿದ್ದರು. ಮೊದಲು ಬಂದದ್ದೇ ದೊಡ್ಡಸ್ತಿಕೆಯಾಗಿದ್ದರೆ ಇವರ ಮಕ್ಕಳು ಅಮೆರಿಕದ ಅತಿ ದೊಡ್ಡ ಮನೆತನದವರಾಗಬೇಕಿತ್ತು. ಆಗಲಿಲ್ಲ. ಆದ್ದರಿಂದ 'ಮೊದಲು ಬಂದವರು' ಎಂಬ ಮಾತಿಗೆ ಕಾಲದ ಲೆಕ್ಕ ಇಲ್ಲ. ಯಾರು ಬರೆದುಕೊಂಡರು, ಯಾರ ಕೈಲಿ ದಫ್ತರ ಇತ್ತು ಎಂಬುದೇ ಅದರ ಲೆಕ್ಕ.

ಈಗ ನಮ್ಮ ಸೀಮೆಗೆ ಬರೋಣ. ಏಳು ಗಾಡಿ ಬರುವುದಕ್ಕೆ ಎಷ್ಟೋ ಶತಮಾನಗಳ ಹಿಂದೆ ನೆಲಮಂಗಲ ತಾಲ್ಲೂಕಿನ ಮಣ್ಣೆ, ಅಂದರೆ ಮಾನ್ಯಪುರ, ಗಂಗರ ರಾಜಧಾನಿಯಾಗಿತ್ತು. 1905ರಲ್ಲಿ ರೈಸ್ ಸಾಹೇಬ ಅಚ್ಚು ಹಾಕಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೇ ಸಂಪುಟ ತೆರೆದರೆ ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರ, ನೆಲಮಂಗಲಗಳ ಊರೂರಿನ ಕಲ್ಲುಗಳು ಮಾತಾಡುತ್ತವೆ. ಕೆರೆ, ಗದ್ದೆ, ತೆರಿಗೆ, ದಾನ ಎಲ್ಲ ಆಗಲೇ ಇತ್ತು. ಅದಕ್ಕೂ ಹಿಂದಕ್ಕೆ ಹೋದರೆ ದೊಡ್ಡಬಳ್ಳಾಪುರದ ಪಕ್ಕದ ರಾಜಘಟ್ಟ. ಅಲ್ಲಿನ ದಿನ್ನೆಯನ್ನು 2001ರಲ್ಲಿ, 2004ರಲ್ಲಿ ಎಂ.ಎಸ್. ಕೃಷ್ಣಮೂರ್ತಿಯವರು ಅಗೆದಾಗ ಬೌದ್ಧ ವಿಹಾರ, ಚೈತ್ಯಗಳ ಇಟ್ಟಿಗೆ ಬುನಾದಿಗಳು ಸಿಕ್ಕವು. ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಮಣ್ಣಿನ ಸ್ತೂಪಗಳು ರಾಶಿರಾಶಿ ಸಿಕ್ಕವು. ಹರಕೆ ಹೊತ್ತವರು ತಂದಿಟ್ಟವು ಅವು. ಆ ಮಣ್ಣನ್ನು ಕಲಸಿದ ಕೈ ಯಾರದು? ಕಲ್ಲು ಹೇಳುವುದಿಲ್ಲ. ಕಲ್ಲಿನ ಮೇಲೆ ದಾನ ಕೊಟ್ಟವನ ಹೆಸರಿರುತ್ತದೆ, ದಾನ ತೆಗೆದುಕೊಂಡವನ ಗೋತ್ರ ಸೂತ್ರ ಇರುತ್ತದೆ. ಕೆರೆ ಅಗೆದವನ ಹೆಸರು ಹುಡುಕಿ ಕಣ್ಣು ನೋಯಿಸಿಕೊಳ್ಳಬೇಕಷ್ಟೆ.

ಹೆಸರಿಲ್ಲದವನು ಊರಿಗೆ ಬೇಡವಾಗಿದ್ದನೇ? ಅದೂ ಇಲ್ಲ. 1873ರಲ್ಲಿ ಮೆಕೆಂಜಿ ಎಂಬ ಬ್ರಿಟಿಷ್ ಅಧಿಕಾರಿ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಮೈಸೂರು ಸೀಮೆಯ ಕುಳವಾಡಿಯ ಬಗ್ಗೆ ಬರೆದ. ಎರಡು ಊರಿನ ನಡುವೆ ಎಲ್ಲೆಯ ವ್ಯಾಜ್ಯ ಬಂದರೆ ಗೌಡ, ಶಾನುಭೋಗ ಯಾರ ಮಾತೂ ಕೊನೆಯದಲ್ಲ. ಹೊಲಗೇರಿಯ ಕುಳವಾಡಿ ಊರಿನ ಮಣ್ಣನ್ನು ಉಂಡೆ ಮಾಡಿ, ಅದರ ನಡುವೆ ನೀರು ಹಾಕಿ, ತಲೆಯ ಮೇಲೆ ಹೊತ್ತು ನಡೆಯುತ್ತಾನೆ. ಅವನು ನಡೆದದ್ದೇ ಎಲ್ಲೆ. ತಪ್ಪು ಹೆಜ್ಜೆ ಇಟ್ಟರೆ ಉಂಡೆ ಒಡೆಯುತ್ತದೆ, ಅವನ ಮನೆ ಹಾಳಾಗುತ್ತದೆ ಎಂಬ ನಂಬಿಕೆ. ಊರಿನ ನಿಜವಾದ ಹಕ್ಕುದಾರ ಇವನೇ ಎಂಬ ಭಾವನೆ ರೈತರಲ್ಲಿದೆ ಎಂದು ಕೂಡ ಆ ಸಾಹೇಬ ಗುರುತಿಸಿದ. ಊರಿದ್ದಲ್ಲಿ ಹೊಲಗೇರಿ ಅನ್ನುವ ಗಾದೆಯನ್ನು ನಮ್ಮನ್ನು ಹೀಯಾಳಿಸಲು ಬಳಸುತ್ತಾರೆ. ಅದನ್ನು ತಿರುಗಿಸಿ ಹಾಕಿ ನೋಡಿ. ಹೊಲಗೇರಿ ಇದ್ದಲ್ಲಿ ಊರು ಬಂತು ಅನ್ನುವುದೇ ಆ ಮಣ್ಣುಂಡೆಯ ಅರ್ಥ ಇರಬಹುದು.

ಎಲ್ಲೆ ಗೊತ್ತಿರುವವನು ಅವನು, ಎಲ್ಲೆಯೊಳಗಿನ ನೆಲ ಇನ್ನೊಬ್ಬನದು. ಊರಿನ ಸತ್ಯ ಅವನ ತಲೆಯ ಮೇಲೆ, ಊರಿನ ಲೆಕ್ಕ ಶಾನುಭೋಗನ ಕೈಯಲ್ಲಿ. ಸುಳ್ಳಾದರೆ ಹಾಳಾಗುವುದು ಅವನ ಮನೆ, ನಿಜವಾದರೆ ಬೆಳೆಯುವುದು ಗೌಡನ ಹೊಲ. ಇಂಥ ವ್ಯವಸ್ಥೆಯನ್ನು ಕಟ್ಟಿದವನ ಬುದ್ಧಿಗೆ ಏನನ್ನಬೇಕೋ ನನಗೆ ತಿಳಿಯದು.

ವಂಶ ಹೇಳುವುದಕ್ಕೆಂದೇ ನಮ್ಮಲ್ಲಿ ಒಂದು ಜನವಿದೆ. ಹೆಳವರು. ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ, ಸುಗ್ಗಿಯ ಮೇಲೆ ಬಂದು ಲಿಂಗಾಯತರ, ಒಕ್ಕಲಿಗರ, ಕುರುಬರ ಮನೆ ಮುಂದೆ ನಿಂತು ಆ ಮನೆಯ ಹಿರೀಕರನ್ನೆಲ್ಲ ಒಬ್ಬೊಬ್ಬರಾಗಿ ಹೆಸರಿಟ್ಟು ಕರೆಯುತ್ತಾರೆ. ಎಲ್ಲಿಂದ ಬಂದರು, ಯಾವ ದೇವರ ಒಕ್ಕಲು, ಯಾರಿಗೆ ಎಷ್ಟು ಮಕ್ಕಳು, ಎಲ್ಲ ಅವರ ಪುಸ್ತಕದಲ್ಲಿ, ನಾಲಗೆಯಲ್ಲಿ. ಅವರೂ ಬಡವರೇ, ಅಲೆದು ತಿನ್ನುವವರೇ, ಅವರನ್ನು ದೂರಬೇಕಾಗಿಲ್ಲ. ಕಣಜ ಇದ್ದವನಿಗೆ ವಂಶ ಇರುತ್ತದೆ, ಯಾಕೆಂದರೆ ವಂಶ ಹೇಳಿದವನಿಗೆ ಮೊರದ ತುಂಬ ರಾಗಿ ಕೊಡಬೇಕಲ್ಲ.

ನಮ್ಮ ತಾತ ತೋಟಿ. ಕೇರಿಯಲ್ಲಿ ಅವನಿಗೆ ಹೆಸರಿತ್ತು, ದಫ್ತರದಲ್ಲಿ ಇರಲಿಲ್ಲ. ಹಳೆ ಮೈಸೂರಿನ ಪಹಣಿ ನೋಡಿದವರಿಗೆ 'ಬಿನ್' ಎಂಬ ಪದ ಗೊತ್ತು. ಇಂಥವನು ಬಿನ್ ಇಂಥವನು, ಅಂದರೆ ಇಂಥವನ ಮಗ. ಅರಬ್ಬಿ ಭಾಷೆಯ ಪದ ನಮ್ಮ ಕಂದಾಯದ ಕಾಗದದಲ್ಲಿ ಬೇರು ಬಿಟ್ಟು ಕೂತಿದೆ. (ಶುದ್ಧ ಕನ್ನಡದವರು ಇದನ್ನು ಯಾಕೆ ಇನ್ನೂ ಕಿತ್ತಿಲ್ಲವೋ!) ಊರಿನವರ ಹೆಸರಿನ ಮುಂದೆಲ್ಲ ಬಿನ್ ಇದೆ. ನಮ್ಮ ತಾತನದು ಬರೀ 'ತೋಟಿ', ಅದರ ಪಕ್ಕ ಅರ್ಧ ಹೆಸರು. ಅವನಿಗೂ ಅಪ್ಪ ಇದ್ದ, ಆ ಅಪ್ಪನೂ ಅದೇ ಊರಿನ ತಮಟೆ ಹೊಡೆದು ಸಾರಿದವನು, ಅದೇ ಊರಿನ ಸತ್ತ ದನ ಎಳೆದವನು, ಕಂದಾಯದ ದುಡ್ಡಿನ ಗಂಟು ಹೊತ್ತು ತಾಲ್ಲೂಕಿಗೆ ನಡೆದವನು.

ಕೆಲವು ವರ್ಷಗಳ ಹಿಂದೆ ನಮ್ಮ ಅಪ್ಪ ದರಖಾಸ್ತಿನ ಅರ್ಧ ಎಕರೆಯ ಪೌತಿ ಖಾತೆಗೆ ಓಡಾಡಿದ. ಕಚೇರಿಯಲ್ಲಿ ವಂಶವೃಕ್ಷ ತನ್ನಿ ಅಂದರು. ಅಲ್ಲಿ ನಡೆದ ಮಾತು ಇಷ್ಟು:

"ನಿಮ್ ತಾತನ ಅಪ್ಪನ ಹೆಸ್ರೇನಪ್ಪ?"

"ಗೊತ್ತಿಲ್ಲ ಸ್ವಾಮಿ."

"ಗೊತ್ತಿಲ್ಲ ಅಂದ್ರೆ ನಾನೇನ್ ಬರೀಲಿ? ಮರ ಅಂದ್ಮೇಲೆ ಬುಡ ಬ್ಯಾಡ್ವಾ?"

"ಬುಡ ನಿಮ್ ಪುಸ್ತಕದಾಗೇ ಐತಲ್ಲ ಸ್ವಾಮಿ, ತೋಟಿ ಅಂತ. ನಮ್ಮೋರೆಲ್ಲಾ ಅದೇ ಕಣ್ ಸ್ವಾಮಿ, ಇನ್ನೇನಿಲ್ಲ."

ಆ ಗುಮಾಸ್ತ ನಕ್ಕ. ಅಪ್ಪನೂ ನಕ್ಕ. ಆರು ತಿಂಗಳು ಓಡಾಡಿದ. ಬುಡ ಬರೆದುಕೊಳ್ಳದೆ ಬಿಟ್ಟದ್ದು ದಫ್ತರ, ಬುಡ ತೋರಿಸು ಅನ್ನುವುದೂ ದಫ್ತರವೇ.

ಅಮೆರಿಕದ ಕಪ್ಪು ಜನ ಇದೇ ಗೋಡೆಗೆ ತಲೆ ಚಚ್ಚಿಕೊಂಡವರು. 1850ರ ಮತ್ತು 1860ರ ಜನಗಣತಿಯಲ್ಲಿ ಗುಲಾಮರಿಗೇ ಬೇರೆ ಪಟ್ಟಿ ಇತ್ತು. ಒಡೆಯನ ಹೆಸರು ಬರೆದು ಅದರ ಕೆಳಗೆ ಗುಲಾಮರ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ, ಇಷ್ಟೇ. ಹೆಸರಿಲ್ಲ. ದನದ ಸಂತೆಯ ಚೀಟಿಯ ಹಾಗೆ. 1870ರ ಗಣತಿಯಲ್ಲೇ ಅವರೆಲ್ಲರ ಹೆಸರು ಮೊದಲಿಗೆ ಬಂದದ್ದು. ಬೇರು ಹುಡುಕಿ ಹೊರಟ ಕಪ್ಪು ಕುಟುಂಬದವರು 1870ಕ್ಕೆ ಬಂದು ನಿಲ್ಲುತ್ತಾರೆ. ಅಲ್ಲಿಂದ ಹಿಂದಕ್ಕೆ ಹೋಗಬೇಕಾದರೆ ಒಡೆಯನ ಮನೆಯ ಕಾಗದ, ಉಯಿಲು, ಸಾಲಪತ್ರಗಳಲ್ಲಿ ತಮ್ಮ ಅಜ್ಜಿಯನ್ನು ಹುಡುಕಬೇಕು. ಅಲೆಕ್ಸ್ ಹೇಲಿ 1976ರಲ್ಲಿ 'ರೂಟ್ಸ್' ಬರೆದು ಏಳು ತಲೆಮಾರು ದಾಟಿ ಗ್ಯಾಂಬಿಯಾದ ಹಳ್ಳಿಯವರೆಗೆ ಹೋದೆ ಎಂದಾಗ ಇಡೀ ಒಂದು ಜನಾಂಗ ಅತ್ತಿತು. ಆಮೇಲೆ ವಿದ್ವಾಂಸರು ಆ ವಂಶಾವಳಿಯಲ್ಲಿ ಎಷ್ಟೋ ತೂತು ತೋರಿಸಿದರು. ತೂತು ಇದ್ದದ್ದು ನಿಜ. ಆದರೆ ಅತ್ತದ್ದೂ ನಿಜ.

ಅಧ್ಯಕ್ಷನಾಗಿದ್ದ ಥಾಮಸ್ ಜೆಫರ್ಸನ್ ತನ್ನ ಗುಲಾಮಳಾಗಿದ್ದ ಸ್ಯಾಲಿ ಹೆಮಿಂಗ್ಸ್‌ಳಲ್ಲಿ ಮಕ್ಕಳು ಪಡೆದ ಎಂಬ ಮಾತನ್ನು ಇನ್ನೂರು ವರ್ಷ ಅಲ್ಲಗಳೆದರು. 1998ರಲ್ಲಿ ರಕ್ತಪರೀಕ್ಷೆ ಆ ಮಾತಿನ ಕಡೆಗೇ ಬೆರಳು ತೋರಿಸಿತು. ಅಷ್ಟಾದರೂ 2002ರಲ್ಲಿ ಜೆಫರ್ಸನ್ ವಂಶದವರ ಸಂಘ ಹೆಮಿಂಗ್ಸ್ ಮಕ್ಕಳನ್ನು ತಮ್ಮ ಮನೆತನದ ಸ್ಮಶಾನಕ್ಕೆ ಸೇರಿಸಿಕೊಳ್ಳಲು ಒಪ್ಪಲಿಲ್ಲ. ನಮ್ಮ ಕೇರಿಗಳಲ್ಲಿ ಊರಿನ ಮೂಗು, ಊರಿನ ಹಣೆ ಹೊತ್ತು ಹುಟ್ಟಿದ ಮಕ್ಕಳಿಲ್ಲವೇ? ಅವರ ಹೆಸರು ಯಾವ ಹೆಳವನ ಪುಸ್ತಕದಲ್ಲಿದೆ? ಹೆಚ್ಚು ಹೇಳುವುದು ಬೇಡ. ಕೇರಿಯ ಹೆಂಗಸರಿಗೆ ಗೊತ್ತು, ಅವರು ಸುಮ್ಮನಿದ್ದಾರೆ.

ಇನ್ನು ಮುಖ್ಯವಾದ ಪ್ರಶ್ನೆ. ನಾಡಪ್ರಭುಗಳ ವಂಶದವರು ನಾವು, ನಮ್ಮ ಹಿರಿಯರು ಕೋಟೆ ಕಟ್ಟಿದರು, ಕೆರೆ ಕಟ್ಟಿದರು ಎಂದು ಹೆಮ್ಮೆಪಡುವ ಸ್ನೇಹಿತರನ್ನು ನೋಡಿದ್ದೇನೆ. ಒಳ್ಳೆಯವರು. ಅವರ ಹತ್ತಿರ ಬಿಟ್ಟಿ ಚಾಕರಿಯ ಮಾತು, ಊರ ಬಾವಿಯ ಮಾತು, ಮೈಮೇಲೆ ಬಾಸುಂಡೆಯ ಮಾತು ಎತ್ತಿದರೆ ಕೂಡಲೇ, "ಅದು ಅವತ್ತಿನ ಕಾಲ ಮಾರಾಯ, ನಾನೇನ್ ಮಾಡಿದ್ದೀನಿ? ತಾತ ಮಾಡಿದ್ದಕ್ಕೆ ಮೊಮ್ಮಗನ್ನ ಕೇಳ್ತೀಯಲ್ಲ" ಅನ್ನುತ್ತಾರೆ. ಈ ಮಾತಿನಲ್ಲಿ ನ್ಯಾಯವಿಲ್ಲವೆಂದು ನಾನು ಹೇಳುವುದಿಲ್ಲ. ಒಬ್ಬನ ಪಾಪಕ್ಕೆ ಇನ್ನೊಬ್ಬನನ್ನು ದಂಡಿಸಬಾರದು, ಸರಿ. ಆದರೆ ಒಬ್ಬನ ಪುಣ್ಯಕ್ಕೆ ಇನ್ನೊಬ್ಬ ಪೇಟ ಸುತ್ತಿಕೊಳ್ಳಬಹುದೇ? ಕೋಟೆ ಕಟ್ಟಿದ ತಾತ ನನ್ನವನು, ಕೋಲು ಹಿಡಿದ ತಾತ ಯಾರವನೋ ಗೊತ್ತಿಲ್ಲ ಅಂದರೆ ಅದೆಂಥ ಲೆಕ್ಕ? ವಂಶವನ್ನು ಒಪ್ಪಿದರೆ ಇಡೀ ಒಪ್ಪಬೇಕು. ಬಿಟ್ಟರೆ ಇಡೀ ಬಿಡಬೇಕು.

ತಾತನದು ಮೊಮ್ಮಗನಿಗೆ ಬರುವುದಿಲ್ಲ ಎಂಬ ಈ ತತ್ವ ನಮ್ಮ ಸಮಾಜಕ್ಕೆ ಯಾವತ್ತೂ ಇರಲಿಲ್ಲ ಎಂಬುದನ್ನೂ ನೆನಪಿಡಬೇಕು. ಹಿಂದೂ ಧರ್ಮಶಾಸ್ತ್ರದ ಪ್ರಕಾರ ಅಪ್ಪನ ಸಾಲ ತೀರಿಸುವುದು ಮಗನ, ಮೊಮ್ಮಗನ, ಮರಿಮಗನ ಧರ್ಮ. ಬ್ರಿಟಿಷರ ಕೋರ್ಟುಗಳೂ ಸ್ವತಂತ್ರ ಭಾರತದ ಕೋರ್ಟುಗಳೂ ಇದನ್ನು ಕಾನೂನೆಂದೇ ನಡೆಸಿದವು. 2005ರ ತಿದ್ದುಪಡಿ ಬಂದ ಮೇಲೆಯೇ ಹೊಸ ಸಾಲಗಳಿಗೆ ಇದು ತಪ್ಪಿದ್ದು. ಇನ್ನು ಜೀತ. ನಮ್ಮ ತಾತನ ಅಣ್ಣ ಮದುವೆಗೆಂದು ಇಸಿದುಕೊಂಡ ದುಡ್ಡಿಗೆ ಜೀತಕ್ಕೆ ನಿಂತ. ಅವನು ಸತ್ತಾಗ ಸಾಲ ತೀರಿರಲಿಲ್ಲ. ತಿಥಿ ಮುಗಿದ ಮಾರನೇ ದಿನ ಅವನ ಮಗ ಅದೇ ಕೊಟ್ಟಿಗೆಗೆ ಹೋದ. ಎಂಟೋ ಒಂಬತ್ತೋ ವರ್ಷದ ಹುಡುಗ. 'ಅಪ್ಪ ಇಸ್ಕಂಡಿದ್ದಕ್ಕೆ ನಾನೇನ್ ಮಾಡ್ಲಿ' ಅಂತ ಆ ಹುಡುಗ ಕೇಳಲಿಲ್ಲ, ಕೇಳಿದ್ದರೆ ಊರು ಕೇಳಿಸಿಕೊಳ್ಳುತ್ತಿರಲಿಲ್ಲ. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ಬಂತು, 1976ರಲ್ಲಿ ಜೀತಪದ್ಧತಿ ರದ್ದಿಯಾತಿ ಕಾಯಿದೆಯಾಯಿತು. ಜೀತದಾಳಿನ ಸಾಲವೆಲ್ಲ ವಜಾ ಎಂದು ಸರ್ಕಾರ ಹೇಳಿತು. ಅವನ ದುಡಿಮೆಯ ಬಾಕಿ ಎಷ್ಟು ಎಂದು ಯಾರೂ ಲೆಕ್ಕ ಹಾಕಲಿಲ್ಲ.

ಅಂದರೆ ಸಾಲ ವಂಶದಲ್ಲಿ ಇಳಿಯುತ್ತದೆ ಎಂಬುದನ್ನು ಊರು ಒಪ್ಪಿತ್ತು, ಕೇರಿಯವರು ಕೊಡಬೇಕಾಗಿದ್ದಾಗ. ಈಗ ಕೇರಿಗೆ ಬರಬೇಕಾದ್ದರ ಮಾತು ಬಂದಾಗ ಮಾತ್ರ ಮನುಷ್ಯ ಒಂಟಿ ಪ್ರಾಣಿ, ಅವನಿಗೆ ಹಿಂದಿಲ್ಲ ಮುಂದಿಲ್ಲ, ಪ್ರತಿಭೆಯೊಂದೇ ಉಂಟು ಎನ್ನುವ ತತ್ವಜ್ಞಾನ ಹುಟ್ಟಿಕೊಳ್ಳುತ್ತದೆ. ಮೀಸಲಾತಿ ಯಾಕೆ ಎಂದು ಕೇಳುವವನ ಮನೆಯ ಗೋಡೆಯ ಮೇಲೆ ಮೂಲಪುರುಷನ ಪಟ ಇರುತ್ತದೆ. ಆ ಪಟಕ್ಕೂ ಈ ಪ್ರಶ್ನೆಗೂ ಇರುವ ಜಗಳ ಅವನಿಗೆ ಕಾಣುವುದಿಲ್ಲ.

ತಪ್ಪಿನ ಹೊರೆ ಬೇರೆ, ಬಾಕಿಯ ಹೊರೆ ಬೇರೆ. ಗೌಡರ ಮೊಮ್ಮಗ ತಪ್ಪಿತಸ್ಥನಲ್ಲ. ಅವನನ್ನು ಯಾರೂ ಕಟ್ಟಿ ಹಾಕಬೇಕಾಗಿಲ್ಲ. ಆದರೆ ಅವನು ಕೂತಿರುವ ಜಗಲಿಯ ಕಲ್ಲು ಹೊತ್ತವನಿಗೆ ಕೂಲಿ ಸಂದಿಲ್ಲ, ಆ ಜಗಲಿ ಅವನಿಗೆ ಬಂದಿದೆ. ಜಗಲಿ ಬಂದ ಮೇಲೆ ಬಾಕಿಯೂ ಬಂತು. ಇದು ದ್ವೇಷದ ಮಾತಲ್ಲ, ಆಸ್ತಿ ವ್ಯವಹಾರದ ಮಾತು. ಖಾತೆ ಬದಲಾದರೆ ಕಂದಾಯದ ಬಾಕಿ ಹೊಸ ಖಾತೆದಾರನ ಮೇಲೇ ಬರುತ್ತದಲ್ಲ, ಹಾಗೆ. (ಒಕ್ಕಲಿಗರಲ್ಲೂ ಜಗಲಿ ಇಲ್ಲದವರು ಬೇಕಾದಷ್ಟಿದ್ದಾರೆ. ಆವತಿಯ ಪ್ರಭುಗಳ ಹೆಸರು ಹೇಳಿಕೊಂಡು ಎರಡೆಕರೆ ಖುಷ್ಕಿಯಲ್ಲಿ ರಾಗಿ ಬಿತ್ತುವವನಿಗೆ ಆ ಪ್ರಭು ಬಿಟ್ಟುಹೋದದ್ದು ಹೆಸರು ಮಾತ್ರ. ಅವನ ಪಾಲಿನ ಬಾಕಿ ಅವನ ಜಗಲಿಯಷ್ಟೇ ಚಿಕ್ಕದು.)

ಹಾಗಾದರೆ ನಾವೂ ಒಂದು ವಂಶಾವಳಿ ಕಟ್ಟೋಣವೇ? ನಮ್ಮ ಹುಡುಗರಲ್ಲಿ ಈ ಆಸೆ ಬಲವಾಗಿದೆ, ಅದು ಸಹಜ. ಮೈಸೂರು ಸಂಸ್ಥಾನ 1920ರ ದಶಕದಲ್ಲಿ ನಮಗೆ ಆದಿಕರ್ನಾಟಕ, ಆದಿದ್ರಾವಿಡ ಎಂಬ ಹೆಸರು ಕೊಟ್ಟಿತು. ಆದಿ ಅಂದರೆ ಮೊದಲು. ಕಾಗದದಲ್ಲಿ ಮೊದಲಿಗರಾದೆವು, ಬಾವಿಯ ಹತ್ತಿರ ಕೊನೆಯವರಾಗಿಯೇ ಉಳಿದೆವು. ಅಂಬೇಡ್ಕರರು 1948ರಲ್ಲಿ ಬರೆದ ಪುಸ್ತಕದಲ್ಲಿ ಅಸ್ಪೃಶ್ಯರು ಬೇರೆ ಜನಾಂಗವಲ್ಲ, ಬುಡಕಟ್ಟುಗಳ ಕಾದಾಟದಲ್ಲಿ ಚದುರಿ ಊರಾಚೆ ನೆಲೆ ನಿಂತ ಜನ, ಬುದ್ಧನನ್ನು ಬಿಡದಿದ್ದಕ್ಕೆ ಹೊರಗಾದವರು ಎಂದು ವಾದಿಸಿದರು. ರಾಜಘಟ್ಟದ ಮಣ್ಣಿನ ಸ್ತೂಪ ನೋಡಿದಾಗ ನನಗೂ ಮೈ ಜುಮ್ಮೆಂದಿದೆ, ಇದು ನಮ್ಮವರ ಕೈ ಅಂತ. ಆದರೆ ಅದು ಆಸೆ, ಪುರಾವೆ ಅಲ್ಲ. ಅಂಬೇಡ್ಕರರು ಕೂಡ ತಮ್ಮದನ್ನು ಒಂದು ಊಹಾಸಿದ್ಧಾಂತವೆಂದೇ ಮುಂದಿಟ್ಟರು, ಪುರಾಣವೆಂದಲ್ಲ. ಅವರ ದೊಡ್ಡತನ ಅದರಲ್ಲಿದೆ.

ರಕ್ತವನ್ನೇ ಕೇಳೋಣವೆಂದರೆ ಅದೂ ಬೇರೆ ಕತೆ ಹೇಳುತ್ತದೆ. 2013ರಲ್ಲಿ ಹೈದರಾಬಾದಿನ ಮತ್ತು ಹಾರ್ವರ್ಡಿನ ವಿಜ್ಞಾನಿಗಳು ಸೇರಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಸುಮಾರು 4200 ವರ್ಷದ ಹಿಂದಿನಿಂದ 1900 ವರ್ಷದ ಹಿಂದಿನ ತನಕ ಈ ನೆಲದ ಜನ ಚೆನ್ನಾಗಿ ಬೆರೆತಿದ್ದಾರೆ, ಮೇಲಿನವರೂ ಕೆಳಗಿನವರೂ ಕಾಡಿನವರೂ. ಆಮೇಲೆ ಬಾಗಿಲು ಹಾಕಿಕೊಂಡರು. ಶುದ್ಧ ಮೂಲದವರು ಯಾರೂ ಇಲ್ಲ. ಬಾಗಿಲು ಹಾಕಿದವರು, ಹೊರಗೆ ನಿಂತವರು ಇದ್ದಾರೆ.

ಇನ್ನೊಂದು ಭಯ ನನಗಿದೆ. ಮೊದಲು ಬಂದವನದೇ ನೆಲ ಎಂಬ ತತ್ವವನ್ನು ನಾವೇ ಹಿಡಿದರೆ ಅದು ನಮ್ಮ ಕೈಯಲ್ಲೇ ಕಚ್ಚುತ್ತದೆ. ಇವತ್ತು ದೇವನಹಳ್ಳಿ ವಿಮಾನ ನಿಲ್ದಾಣದ ಸುತ್ತ ಎದ್ದಿರುವ ಕಟ್ಟಡಗಳಿಗೆ ಗಾರೆ ಹೊರುವವರು ರಾಯಚೂರು, ಕಲಬುರಗಿ, ಒಡಿಶಾ, ಬಿಹಾರದಿಂದ ಬಂದವರು, ತಗಡಿನ ಗುಡಿಸಲಲ್ಲಿ ಮಲಗುವವರು. ಅವರಲ್ಲಿ ನಮ್ಮವರೇ ಹೆಚ್ಚು. ಅವರು ಕೊನೆಯಲ್ಲಿ ಬಂದವರು. 'ಎಲ್ಲಿಂದ ಬಂದ್ರೋ ಇವ್ರು' ಎಂದು ನಮ್ಮ ಕೇರಿಯ ಹುಡುಗನೇ ಕೇಳುವುದನ್ನು ಕೇಳಿದ್ದೇನೆ. ನೆಲದ ಹಕ್ಕು ಬಂದ ತಾರೀಕಿನಿಂದ ಹುಟ್ಟಬಾರದು, ಬೆವರಿನಿಂದ ಹುಟ್ಟಬೇಕು, ಹೊಟ್ಟೆಯಿಂದ ಹುಟ್ಟಬೇಕು. ಹನ್ನೆರಡನೇ ಶತಮಾನದಲ್ಲಿ ಬಸವಣ್ಣ ಮೇಲುಜಾತಿಯ ತನ್ನ ಹುಟ್ಟನ್ನು ಬಿಟ್ಟು, ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರ ಮನೆಯ ಆಳುಗಳಿಗೆ ಹುಟ್ಟಿದವನು ತಾನೆಂದು ಹೇಳಿಕೊಂಡ. ಅಪ್ಪಅಮ್ಮನನ್ನು ಆರಿಸಿಕೊಳ್ಳಬಹುದು ಎಂಬ ಇಷ್ಟು ದೊಡ್ಡ ಮಾತನ್ನು ಮೇಫ್ಲವರ್ ಸಂಘದಲ್ಲಿ ಯಾರೂ ಆಡಿರಲಾರರು. ಅವನ ಹೆಸರು ಹೇಳುವವರೇ ಆಮೇಲೆ ಆ ಮಾತನ್ನು ಮಠದ ಅಟ್ಟಕ್ಕೆ ಹಾಕಿದರು.

ಹೀಗೆಂದು ವಂಶದ ಕಾಗದವೇ ಬೇಡ ಎಂದು ನಾವು ತ್ಯಾಗ ಮಾಡಿ ಕೂರುವಂತಿಲ್ಲ. ಹೊಟ್ಟೆ ತುಂಬಿದವನಿಗೆ ಮಾತ್ರ ಆ ತ್ಯಾಗ ಶೋಭಿಸುತ್ತದೆ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ ಬಂದು ಪಟೇಲಿಕೆ, ಶಾನುಭೋಗಿಕೆ, ತೋಟಿ, ತಳವಾರಿಕೆ ಎಲ್ಲ ಹೋದವು. ತೋಟಿ ಇನಾಮು ಜಮೀನು ತೋಟಿಗೇ ಮರುಮಂಜೂರಾಗಬೇಕಿತ್ತು. ಎಷ್ಟೋ ಕಡೆ ಆ ಕಾಗದ ಕೈ ಸೇರುವ ಮೊದಲೇ ಜಮೀನು ಕೈ ಬಿಟ್ಟಿತ್ತು, ಒಂದು ಮದುವೆಗೆ, ಒಂದು ಕಾಯಿಲೆಗೆ. ನಮ್ಮ ತಾತನದೂ ಹಾಗೇ ಹೋಯಿತು. 1978ರಲ್ಲಿ ಪರಿಶಿಷ್ಟರಿಗೆ ಮಂಜೂರಾದ ಭೂಮಿಯ ಪರಭಾರೆ ತಡೆಯುವ ಒಳ್ಳೆಯ ಕಾಯಿದೆ ಬಂತು; ಎಷ್ಟು ಕಾಲವಾದರೂ ಅರ್ಜಿ ಹಾಕಬಹುದೆಂದು 2023ರಲ್ಲಿ ತಿದ್ದುಪಡಿಯೂ ಆಯಿತು. ಆದರೆ ಆ ಕಾಯಿದೆಯ ವ್ಯಾಖ್ಯೆಯೊಳಗೆ ಒಂದು ಸಣ್ಣ ತುಂಡಿದೆ: ವಂಶಪಾರಂಪರ್ಯ ಹುದ್ದೆಗೆ ಸೇರಿದ ಭೂಮಿ ಈ ರಕ್ಷಣೆಗೆ ಬರುವುದಿಲ್ಲ. ಸರ್ಕಾರ ನಿನ್ನೆ ಮೊನ್ನೆ ಕೊಟ್ಟ ಗುಂಟೆಗೆ ರಕ್ಷಣೆ ಉಂಟು. ಸತ್ತ ದನ ಹೊತ್ತು, ತಮಟೆ ಹೊಡೆದು, ಎಲ್ಲೆ ನಡೆದು ತಲೆತಲಾಂತರದಿಂದ ಸಂಪಾದಿಸಿದ್ದಕ್ಕೆ ಇಲ್ಲ. ವಂಶ ಅನ್ನುವುದು ನಮ್ಮ ಪಾಲಿಗೆ ಚಾಕರಿ ಮಾಡಲು ಸಾಕಾಗಿತ್ತು, ಕೋರ್ಟಿಗೆ ಸಾಲದು.

2025ರ ಬೇಸಿಗೆಯಲ್ಲಿ ನ್ಯಾಯಮೂರ್ತಿ ನಾಗಮೋಹನ್ ದಾಸ್ ಆಯೋಗದ ಸಮೀಕ್ಷೆಯವರು ಮನೆ ಮನೆಗೆ ಬಂದರು. ಒಳಮೀಸಲಾತಿಗೆ ಲೆಕ್ಕ ಬೇಕಿತ್ತು. ಎ.ಕೆ., ಎ.ಡಿ. ಅಂತ ಬರೆಸಿಕೊಂಡವರನ್ನೆಲ್ಲ ನಿಮ್ಮ ಮೂಲ ಜಾತಿ ಯಾವುದು, ಹೊಲೆಯರೋ ಮಾದಿಗರೋ ಎಂದು ಕೇಳಿದರು. ನ್ಯಾಯವಾಗಿ ಹಂಚಬೇಕಾದರೆ ಕೇಳಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೆಂಗಳೂರಿನ ಬಾಡಿಗೆ ಮನೆಯ ಬಾಗಿಲಲ್ಲಿ, ಪಕ್ಕದ ಮನೆಯವರು ಕಿವಿ ಕೊಟ್ಟು ನಿಂತಿರುವಾಗ, ಅಪ್ಪ ಜೀವಮಾನವೆಲ್ಲ ಎರಡಕ್ಷರದ ಹಿಂದೆ ಮುಚ್ಚಿಟ್ಟ ಹೆಸರನ್ನು ಮಗಳು ಗಟ್ಟಿಯಾಗಿ ಹೇಳಬೇಕಾಗಿ ಬಂತು. ಮೇಫ್ಲವರ್‌ನವರು ಮೂಲ ಹೇಳಲು ಫೀಸು ಕಟ್ಟಿ ಸಾಲು ನಿಲ್ಲುತ್ತಾರೆ. ಇಲ್ಲಿ ಮೂಲ ಹೇಳಿದ ಮಾರನೇ ದಿನ ಮನೆ ಖಾಲಿ ಮಾಡಿ ಅನ್ನಬಹುದೆಂಬ ಹೆದರಿಕೆ.

2022ರಲ್ಲಿ ಕೆಂಪೇಗೌಡರ 108 ಅಡಿ ಕಂಚಿನ ಪ್ರತಿಮೆ ವಿಮಾನ ನಿಲ್ದಾಣದಲ್ಲಿ ಎದ್ದಿತು. ಅದಕ್ಕೂ ಮುಂಚೆ ರಾಜ್ಯದ ಸಾವಿರಾರು ಊರುಗಳಿಂದ ಮಣ್ಣು ಸಂಗ್ರಹಿಸಿದರು. ಪವಿತ್ರ ಮೃತ್ತಿಕೆ ಎಂದು ಅದಕ್ಕೆ ಹೆಸರು. ರಥದಲ್ಲಿ, ವಾದ್ಯದ ಜೊತೆ ಬಂತು ಆ ಮಣ್ಣು. ಊರಿನ ಮಣ್ಣನ್ನು ಉಂಡೆ ಕಟ್ಟಿ ತಲೆಯ ಮೇಲಿಟ್ಟುಕೊಂಡು ಎಲ್ಲೆ ನಡೆದ ಕುಳವಾಡಿಯನ್ನು ಆಗ ಯಾರಾದರೂ ನೆನೆದರೋ ಇಲ್ಲವೋ.

ಅದೇ 2022ರಲ್ಲಿ ಅದೇ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಭೂಮಿ ಕೈಗಾರಿಕೆಗೆ ಬೇಕೆಂದು ಸರ್ಕಾರ ಹೊರಟಾಗ ಜನ ಧರಣಿ ಕೂತರು. ಮೂರು ವರ್ಷಕ್ಕೂ ಮೇಲೆ ಕೂತರು. ಒಕ್ಕಲಿಗ ರೈತರೂ ಕೂತರು, ಒಂದೆಕರೆ ಅರ್ಧ ಎಕರೆಯ ದಲಿತರೂ ಕೂತರು. 2025ರ ಜುಲೈ 15ರಂದು ಸರ್ಕಾರ ಆ ಸ್ವಾಧೀನ ಕೈಬಿಟ್ಟಿತು. ಅಲ್ಲಿ ಯಾವ ಗಾಡಿ ಮೊದಲು ಬಂತು ಎಂಬುದು ಪ್ರಶ್ನೆಯಾಗಿರಲಿಲ್ಲ. ಬುಲ್ಡೋಜರ್ ಎಲ್ಲಿಂದ ಬರುತ್ತದೆ ಎಂಬುದಾಗಿತ್ತು. ಆ ಧರಣಿಯ ಜಾಗದಿಂದ ಊರಿಗೆ ಹೋದ ಮೇಲೆ ಒಂದೇ ಬಾವಿಯ ನೀರು ಕುಡಿದರೇ, ಒಂದೇ ಹಜಾರದಲ್ಲಿ ಉಂಡರೇ ಎಂಬುದು ಬೇರೆ ಪ್ರಶ್ನೆ, ಅದನ್ನು ಆ ಊರುಗಳ ಗೆಳೆಯರೇ ಬರೆಯಬೇಕು. ಮತ್ತೊಂದು ವಿಷಯವನ್ನೂ ಅವರು ಬರೆಯಬೇಕು. ಭೂಮಿ ಹೋದರೆ ಪರಿಹಾರ ಬರುವುದು ಖಾತೆದಾರನ ವಂಶವೃಕ್ಷ ನೋಡಿ. ಅದೇ ಹೊಲದಲ್ಲಿ ಮೂರು ತಲೆಮಾರು ಕಳೆ ಕಿತ್ತ, ಒಂದು ಗುಂಟೆಯೂ ಇಲ್ಲದ ಹೆಂಗಸಿನ ಹೆಸರು ಆ ಮರದ ಯಾವ ರೆಂಬೆಯಲ್ಲೂ ಇರುವುದಿಲ್ಲ. ಅವಳು ಎಲ್ಲಿ ಅರ್ಜಿ ಹಾಕಬೇಕು?